ಅವ್ವನ ಕೊರಳ ರೂಪಾಯಿಯೊಂದಿಗೆ ಕಾಮಠಿಗೆ

ಬೈಲಹೊಂಗಲದಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ದುಡ್ಡಿಲ್ಲ. ಬೆಳಗಾವಿಯಿಂದ ಮಿರಜಕ್ಕೆ ಪ್ಯಾಸೆಂಜರ್ ಗಾಡಿಗೆ ಐವತ್ತು ರೂಪಾಯಿಯೂ ಆಗಲಿಲ್ಲ. ಮಿರಜದಿಂದ ನಾಗಪುರಕ್ಕೆ ಸ್ಲೀಪರಿನಲ್ಲಿ ಆರು ನೂರರ ಆಸುಪಾಸು. ಶಾಲೆಯ ನೌಕರಿಯಿಂದ ನಿವೃತ್ತಳಾಗಿ ಆರು ತಿಂಗಳಿಗೆ, ಡಿಸೆಂಬರಿನ ಒಂದು ಮುಂಜಾನೆ, ಅವ್ವನನ್ನು ನಮ್ಮ ಮನೆಯವರಿಗೆ ಒಪ್ಪಿಸಿ ನಾನು ಒಬ್ಬಳೇ ಹೊರಟೆ. ಚೀಲದಲ್ಲಿ ಎರಡು ಸೀರೆ, ಕಡಕ ರೊಟ್ಟಿ, ಶೇಂಗಾ ಚಟ್ನಿ. ಕೊರಳಲ್ಲಿ ಅವ್ವನ ಬೆಳ್ಳಿ ರೂಪಾಯಿ.

"ಚೀಲದಾಗ ಹಾಕಬ್ಯಾಡ, ಕೊಳ್ಳಾಗ ಹಾಕ್ಕೊ" ಎಂದು ಅವ್ವನೇ ಕರಿ ದಾರ ಬಿಚ್ಚಿ ನನಗೆ ಹಾಕಿದ್ದಳು. ಅವಳು ಅದನ್ನು ಕೊರಳಿನಿಂದ ತೆಗೆದದ್ದನ್ನು ನಾನು ಬುದ್ಧಿ ತಿಳಿದಾಗಿನಿಂದ ನೋಡಿರಲಿಲ್ಲ. ತೆಗೆದ ಮೇಲೆ ಅವಳ ಕೈ ಮತ್ತೆ ಮತ್ತೆ ಎದೆಯ ಕಡೆಗೆ ಹೋಗುತ್ತಿತ್ತು. ಬಸ್ಸು ಹೊರಡುವವರೆಗೂ ಅದನ್ನೇ ನೋಡುತ್ತ ಕೂತಿದ್ದೆ. ಇದೆಲ್ಲ ಬೇಡವಾಗಿತ್ತು ಎನಿಸಿತು.

ಆ ರೂಪಾಯಿಯ ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರವತ್ತು ದಾಟಿದ ಹೆಂಗಸು ಒಬ್ಬಳೇ ಅಷ್ಟು ದೂರ ಯಾಕೆ ಹೋದಳು ಎಂದು ನೀವು ಕೇಳುತ್ತೀರಿ. ನನ್ನ ಅಪ್ಪ ನಾಗಪುರದ ಹತ್ತಿರದ ಕಾಮಠಿಯ ದಂಡಿನಲ್ಲಿ ಸಿಪಾಯಿಯಾಗಿದ್ದ. ನನಗೆ ಮೂರು ವರ್ಷವಿದ್ದಾಗ ರಜೆಗೆ ಬಂದು ತಿರುಗಿ ಹೊರಟಾಗ, ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿ ಆಚೆ ಮುಖ ಮಾಡಿದ ಸಮಯ ನೋಡಿ, ಅವ್ವನ ಕೈಯಲ್ಲಿ ಇದನ್ನು ತುರುಕಿದನಂತೆ. ಹಿರಿಯರ ಎದುರಿಗೆ ಹೆಂಡತಿಗೆ ಏನಾದರೂ ಕೊಡುವ ಕಾಲ ಅದಲ್ಲ. ರೂಪಾಯಿಯ ಒಂದು ಮಗ್ಗುಲಿಗೆ ಕಿರೀಟದ ದೊರೆ. ಇನ್ನೊಂದು ಮಗ್ಗುಲನ್ನು ಅರದಿಂದ ಉಜ್ಜಿ ನುಣುಪು ಮಾಡಿ ಅಲ್ಲಿ ಏನೋ ಅಕ್ಷರ ಕೆತ್ತಲಾಗಿತ್ತು. "ಏನ್ ಬರಸೀರಿ ಇದರಾಗ?" ಎಂದು ಅವ್ವ ಕೇಳಿದಳು. "ಮುಂದಿನ ಸಲ ಬಂದಾಗ ಹೇಳತೇನಿ" ಎಂದು ಅಪ್ಪ ನಕ್ಕು ಬಸ್ಸು ಹತ್ತಿದ. ಎರಡು ತಿಂಗಳಿಗೆ ಕಾಮಠಿಯಲ್ಲಿ ಕಾಮಾಲೆಯಾಗಿ ತೀರಿಕೊಂಡ. ಮೊದಲು ತಾರು ಬಂತು, ಆಮೇಲೆ ಅಪ್ಪನ ಟ್ರಂಕು.

ಅವ್ವ ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಊರಿನ ಮಾಸ್ತರರಿಗೆ ಒಮ್ಮೆ ಮಾತ್ರ ತೋರಿಸಿದಳು. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಮ್ಮ ಲಿಪಿ ಅಲ್ಲವ್ವ, ಮರಾಠಿ ಕಡೆಯ ಮೋಡಿ ಅಕ್ಷರ ಇದ್ದೀತು" ಎಂದರು. ಅಲ್ಲಿಗೆ ಮುಗಿಯಿತು. ಅದರಲ್ಲಿ ಏನಿದೆ ಎಂಬುದನ್ನು ಅವ್ವ ತಾನೇ ಊಹಿಸಿಕೊಂಡು ಬದುಕಿದಳು. ನಾನು ಪರೀಕ್ಷೆಯಲ್ಲಿ ಫೇಲಾದಾಗ ಅದರಲ್ಲಿ "ಹೆದರಬ್ಯಾಡ" ಎಂದಿತ್ತು. ನನ್ನ ಮದುವೆಯ ದಿನ "ನಾ ಅದೇನಿ" ಎಂದಿತ್ತು. ಒಂಟಿಯಾಗಿ ಕೂತ ಸಂಜೆಗಳಲ್ಲಿ ಬಹಳ ಮಾಡಿ "ಮರೀಬ್ಯಾಡ" ಎಂದಿರುತ್ತಿತ್ತು. ಪ್ರತಿ ಶುಕ್ರವಾರ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅವಳೇ ಅಕ್ಷರ ಸವೆಸಿದಳು. ಈ ದೀಪಾವಳಿಗೆ ಅದರ ಮೇಲೆ ಬೆರಳಾಡಿಸಿ, "ಕೈಗೇ ಹತ್ತವಲ್ಲದು" ಎಂದಳು. ಆಮೇಲೆ ನನ್ನನ್ನು ನೋಡಿ, "ನಿನ್ನ ಸಾಲಿ ಮುಗೀತಲ್ಲ. ಕಾಮಠಿಗೆ ಹೋಗಿ ಕೇಳ್ಕೊಂಡು ಬಾ. ಹಂಗ ಅಕ್ಷರ ಮತ್ತ ಮೂಡಿಸ್ಕೊಂಡು ಬಾ" ಎಂದಳು. ಮೂವತ್ತೈದು ವರ್ಷ ಊರ ಮಕ್ಕಳಿಗೆಲ್ಲ ಅ ಆ ಇ ಈ ತಿದ್ದಿಸಿದವಳು ನಾನು. ನನ್ನ ಅವ್ವನ ಕೈಗೆ ಎರಡು ಸಲ ಪಾಟಿ ಕೊಟ್ಟು ಎರಡು ಸಲವೂ ಸಿಡುಕಿ ಎದ್ದು ಹೋಗಿದ್ದೆ. ಹಾಗಾಗಿ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಮಿರಜದಲ್ಲಿ ಹತ್ತಿದ್ದು ಕೊಲ್ಹಾಪುರದಿಂದ ಗೊಂದಿಯಾಕ್ಕೆ ಹೋಗುವ ಗಾಡಿ. ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿಯ ದಾರಿ. ಈಗ ಮಿರಜದಿಂದ ಗಾಡಿ ಬದಲಿಸದೆ ಹೋಗಬಹುದು. ಅಪ್ಪ ಎಲ್ಲೆಲ್ಲಿ ಇಳಿದು ಎಲ್ಲೆಲ್ಲಿ ಹತ್ತುತ್ತಿದ್ದನೋ ಹೇಳುವವರು ಯಾರೂ ಉಳಿದಿಲ್ಲ. ಪುಣೆ ದಾಟಿದ ಮೇಲೆ ಚಳಿ ಶುರುವಾಯಿತು. ಬೆಳಿಗ್ಗೆ ಕಣ್ಣುಬಿಟ್ಟಾಗ ಎರಡೂ ಕಡೆ ಕಪ್ಪು ಹೊಲ, ಬಿಡಿಸದ ಹತ್ತಿ. ಶೇಗಾಂವಿಯ ದರ್ಶನಕ್ಕೆ ಹೊರಟಿದ್ದ ಒಬ್ಬ ಮರಾಠಿ ಅಜ್ಜಿ ಎದುರಿಗೆ ಕೂತಿದ್ದಳು. ನನ್ನ ಕೊರಳನ್ನೇ ನೋಡಿ ನೋಡಿ ಕೊನೆಗೆ ಕೇಳಿಬಿಟ್ಟಳು: "ತಾಯಿ, ನಿನ್ನ ರಾಜ ತಲೆಕೆಳಗೆ ಯಾಕೆ ನೇತಾಡುತ್ತಿದ್ದಾನೆ?"

ಅದು ನಮ್ಮ ಮನೆಯ ಹಳೆಯ ನಗೆ. ಕುಣಿಕೆಯನ್ನು ದೊರೆಯ ಕಿರೀಟದ ಮೇಲೆ ಬೆಸೆಯುವ ಬದಲು ಕುತ್ತಿಗೆಯ ಕೆಳಗೆ ಬೆಸೆದದ್ದರಿಂದ ದೊರೆ ಯಾವತ್ತೂ ಶೀರ್ಷಾಸನದಲ್ಲೇ ಇರುತ್ತಿದ್ದ. ದಾರವೂ ಹಾಗೇ, ಹೊಟ್ಟೆಯವರೆಗೆ ಇಳಿಯುವಷ್ಟು ಉದ್ದ. ಕುಣಿಕೆ ತಿರುಗಿಸಿ ಹಾಕಿಸು, ದಾರ ಗಿಡ್ಡ ಮಾಡು ಎಂದು ಹೇಳದವರಿಲ್ಲ. "ಅವರು ಹೆಂಗ ಕೊಟ್ಟಾರೋ ಹಂಗ ಇರಲಿ" ಎಂದು ಅವ್ವ ಯಾರ ಮಾತನ್ನೂ ಕೇಳಲಿಲ್ಲ. ಕೆಲಸಗಾರನಿಗೆ ತಲೆ ಇರಲಿಲ್ಲ ಎಂದು ಎದುರಿನ ಅಜ್ಜಿಗೆ ಹೇಳಿದೆ. ಶೇಗಾಂವಿಯಲ್ಲಿ ಅವಳು ಇಳಿಯುವ ಮುಂಚೆ ಇಬ್ಬರೂ ಕಚೋರಿ ತಿಂದೆವು. ಬಿಸಿಯಿತ್ತು, ಖಾರವೂ ಇತ್ತು. ಚಹಾ ಮಾತ್ರ ಬರೀ ಸಕ್ಕರೆ ನೀರು.

ನಾಗಪುರ ಮುಟ್ಟಿದಾಗ ಸಂಜೆಯಾಗುತ್ತಿತ್ತು. ಸ್ಟೇಷನ್ನಿಗೆ ಸುಜಾತಾ ಬಂದಿದ್ದಳು. ಇವಳು ನನ್ನ ಕಾಕನ ಮಗಳ ಮಗಳು, ಮರಾಠಿ ರೂಢಿಯಲ್ಲಿ ಚಿಕ್ಕಮ್ಮನಾದ ನನ್ನನ್ನು ಮಾವಶಿ ಎನ್ನುತ್ತಾಳೆ, ವಯಸ್ಸು ನಲವತ್ತು ದಾಟಿದೆ, ಒಂದು ಪ್ರಯೋಗಾಲಯದಲ್ಲಿ ಕೆಲಸ. ಗಂಡ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ಶಿಫ್ಟಿನ ಮನುಷ್ಯ, ನಾನಿದ್ದ ಮೂರು ದಿನದಲ್ಲಿ ಒಂದು ಸಲ ನಮಸ್ಕಾರ ಹೇಳಿದ್ದಷ್ಟೇ. ಮನೆ ಲಕ್ಷ್ಮೀ ನಗರದಲ್ಲಿ. ಆಟೊದಲ್ಲಿ ಕೂತಕೂಡಲೇ ಸುಜಾತಾ ಶುರು ಮಾಡಿದಳು: "ಮಾವಶಿ, ಭಾಳ ಥಂಡಿ ಐತಿ, ಶಾಲು ಬರೋಬರ್ ಹೊದ್ಕೋರಿ. ಎರಡು ದಿವಸ ರಜಾ ಹಾಕೀನಿ. ನಾಳೆ ಇತವಾರಿ ಪ್ಯಾಟಿಗೆ ಹೋಗೂಣು, ಅಲ್ಲಿ ಬೆಳ್ಳಿ ಬಂಗಾರದ ಸರಾಫಾದಾಗ ಯಾರಿಗರೆ ತೋರಸೂಣು. ಕಾಮ್ ಹೋ ಜಾಯೇಗಾ." ಒಂದೇ ಉಸಿರಿನಲ್ಲಿ ಮೂರು ಭಾಷೆ. ನನ್ನೊಳಗಿನ ಮಾಸ್ತರತಿ ತಿದ್ದಲು ಹೊರಟಿದ್ದಳು, ಸುಮ್ಮನಿರಿಸಿದೆ.

ರಾತ್ರಿ ವರಣ ಎನ್ನುವ ತೊವ್ವೆ, ಅನ್ನ, ಬದನೆಕಾಯಿ ಪಲ್ಯ ಉಂಡೆವು. ಸುಜಾತಾ ರೂಪಾಯಿಯನ್ನು ಕೈಗೆ ತೆಗೆದುಕೊಂಡು ದೀಪಕ್ಕೆ ಹಿಡಿದಳು. "ಆಯಿಗೆ ಅರವತ್ತು ವರ್ಷ ಇದು ಏನಂತ ಗೊತ್ತಿಲ್ಲಲ್ಲ ಮಾವಶಿ. ನಾನಾಗಿದ್ರ ಹುಚ್ಚೇ ಹಿಡೀತಿತ್ತು" ಎಂದಳು. ಅವಳು ಆಯಿ ಎನ್ನುವುದು ನನ್ನ ಅವ್ವನಿಗೆ. ಓದಲು ಸಿಕ್ಕರೆ ನೀನೇ ಓದು ಎಂದೆ. "ನಂಗ ಮೋಡಿ ಎಲ್ಲಿ ಬರತೈತಿ, ಕನ್ನಡ ಅಕ್ಷರನೂ ಅಷ್ಟಕ್ಕಷ್ಟ" ಎಂದು ನಾಚಿಕೊಂಡಳು.

ಮರುದಿನ ಮುಂಜಾನೆ ಬೀದಿಯಂಚಿನಲ್ಲಿ ತರ್ರಿ ಪೋಹೆ ತಿಂದೆವು. ನಮ್ಮ ಅವಲಕ್ಕಿಯೇ, ಆದರೆ ಮೇಲೆ ಕೆಂಪು ಎಣ್ಣೆ ತೇಲುವ ಕಡಲೆ ಸಾರು ಸುರಿಯುತ್ತಾರೆ. ಮೂವತ್ತು ರೂಪಾಯಿಗೆ ಮೂಗು, ಕಣ್ಣು ಎರಡೂ ಸ್ವಚ್ಛವಾದವು. ಮೆಟ್ರೊ ಹಿಡಿದು ಇತವಾರಿಗೆ ಹೋದೆವು. ಗಲ್ಲಿಯುದ್ದಕ್ಕೂ ಬೆಳ್ಳಿ ಅಂಗಡಿ. ಮೊದಲ ಎರಡರಲ್ಲಿ ನಮ್ಮ ಮಾತು ಮುಗಿಯುವ ಮೊದಲೇ, ಹೊಸ ನಾಣ್ಯ ಕೊಡಿ, ಲೇಸರಿನಲ್ಲಿ ಎರಡು ನಿಮಿಷಕ್ಕೆ ಏನು ಬೇಕಾದರೂ ಬರೆದು ಕೊಡುತ್ತೇವೆ, ಬೇಕಿದ್ದರೆ ಫೋಟೊ ಕೂಡ ಮೂಡಿಸುತ್ತೇವೆ ಎಂದರು. ಕಪಾಟಿನಲ್ಲಿ ಹಾಗೆ ಮೂಡಿಸಿದ ಗಂಡ ಹೆಂಡತಿಯರ ಮುಖ ಸಾಲಾಗಿದ್ದವು, ಎಲ್ಲರೂ ಅಣ್ಣ ತಂಗಿಯರ ಹಾಗೆ ಒಂದೇ ತರಹ ಕಾಣುತ್ತಿದ್ದರು.

ಮೂರನೆಯ ಅಂಗಡಿಯ ವ್ಯಾಪಾರಿ ವಯಸ್ಸಾದವರು. ಕಣ್ಣಿಗೆ ಗಾಜು ಹಚ್ಚಿ ರೂಪಾಯಿಯನ್ನು ಓರೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಮೋಡಿ ಅಲ್ಲ. ಕೈಕೆಲಸ ಚೆನ್ನಾಗಿದೆ, ಆದರೆ ಗೆರೆಯ ಓಟ ನೋಡಿದರೆ ಕೆತ್ತಿದವನು ಉಲ್ಟಾ ಕೆತ್ತಿದ್ದಾನೆ" ಎಂದರು. ಸುಜಾತಾ ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ, ಎಡದ್ದನ್ನು ಬಲಕ್ಕೆ ಹೊರಳಿಸಿ ನನ್ನ ಕೈಗಿಟ್ಟಳು. ಗೀರುಗಳೇ ಹೆಚ್ಚು. ಆದರೆ ಬಲಗಡೆಯ ತುದಿಯಲ್ಲಿ ಒಂದು ವ, ಅದರ ಕೆಳಗೆ ಒತ್ತು. ನಾನು ಮೂವತ್ತೈದು ವರ್ಷ ಕರಿ ಹಲಗೆಯ ಮೇಲೆ ಬರೆದ ವ.

ಅಂಗಡಿಯ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟೆ. ಅದು ಕನ್ನಡವೇ ಆಗಿತ್ತು. ಬಾಲ್ಯದಲ್ಲಿ ನಾನು ಒಂದು ಕನ್ನಡಿ ಹಿಡಿದಿದ್ದರೆ ಸಾಕಿತ್ತು. ಅಪ್ಪನ ಟ್ರಂಕಿನಲ್ಲಿ ಅವನ ಕ್ಷೌರದ ಕನ್ನಡಿಯೂ ಇತ್ತು, ಅದರಲ್ಲಿ ನೋಡಿಕೊಂಡು ಪ್ರತಿದಿನ ಜಡೆ ಹಾಕಿಕೊಳ್ಳುತ್ತಿದ್ದೆ. ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಯಾವನೋ ಒಬ್ಬ ಬೇಜವಾಬ್ದಾರಿ ಕೆಲಸಗಾರ ಕುಣಿಕೆಯನ್ನೂ ತಲೆಕೆಳಗೆ ಮಾಡಿ, ಅಕ್ಷರವನ್ನೂ ತಿರುವುಮುರುವು ಮಾಡಿ ನನ್ನ ಅವ್ವನ ಒಂದು ಜನ್ಮ ಕತ್ತಲಲ್ಲಿಟ್ಟನಲ್ಲ ಎಂದು. ಕುಣಿಕೆಯ ಬೆಸುಗೆ ನೋಡಿ ವ್ಯಾಪಾರಿ ಹೇಳಿದರು: "ಇದು ಕಾಮಠಿಯ ಕೆಲಸ. ಸಿಪಾಯಿಗಳಿಗೆ ಮಾಡಿಕೊಡುತ್ತಿದ್ದರು. ಹಳೇ ಬಟ್ಟೆ ಪೇಟೆಯ ಹಿಂದೆ ಯೂಸುಫ್ ಚಾಚಾ ಅಂತ ಒಬ್ಬರೇ ಉಳಿದಿದ್ದಾರೆ. ಅವರ ತಂದೆ ಇದನ್ನೇ ಮಾಡುತ್ತಿದ್ದರು." ಸಿಕ್ಕರೆ ಸರಿಯಾಗಿ ಕೇಳುತ್ತೇನೆ ಎಂದುಕೊಂಡೆ. ಆ ಸಿಟ್ಟಿನಲ್ಲೇ ಸುಜಾತಾ ಕೊಡಿಸಿದ ಕಿತ್ತಳೆ ಬರ್ಫಿಯ ರುಚಿ ನೋಡುವುದು ಮರೆತೆ.

ಮೂರನೆಯ ದಿನ ಸುಜಾತಾಳ ಜೊತೆ ಆಟೊಮೋಟಿವ್ ಚೌಕದವರೆಗೆ ಮೆಟ್ರೊ, ಅಲ್ಲಿಂದ ಕಾಮಠಿಗೆ ಶೇರ್ ಆಟೊ. ಆಟೊದಲ್ಲಿ ನಾವು ಏಳು ಜನ, ಒಂದು ಬುಟ್ಟಿ ಕಿತ್ತಳೆ. ದಂಡಿನ ಪ್ರದೇಶ ಬಂದಂತೆ ರಸ್ತೆ ಅಗಲವಾಯಿತು, ಸುಣ್ಣ ಬಳಿದ ಕಲ್ಲು, ಸಾಲು ಬೇವಿನ ಮರ. ಒಂದು ದ್ವಾರದ ಹತ್ತಿರ ಇಳಿಯೋಣ ಎಂದೆ. ಕಾವಲಿನ ಜವಾನ ಸೌಮ್ಯವಾಗಿಯೇ, "ಮಾತಾಜಿ, ಒಳಗೆ ಬಿಡುವ ಹಾಗಿಲ್ಲ, ಫೋಟೊ ಕೂಡ ತೆಗೆಯಬೇಡಿ" ಎಂದ. ಒಳಗೆ ಹೋಗಿ ನಾನು ಮಾಡುವುದೇನಿತ್ತು. ಅಪ್ಪನ ಮುಖ ನನಗೆ ನೆನಪಿಲ್ಲ, ದನಿ ನೆನಪಿಲ್ಲ. ಅವನು ನಡೆದಾಡಿದ ಒಂದು ತುಂಡು ನೆಲವಾದರೂ ಕಾಲಿಗೆ ಸಿಗಲಿ ಎಂಬ ಆಸೆ, ಅಷ್ಟೇ. ದ್ವಾರದ ಹೊರಗಿನ ಬೇವಿನ ಮರ ಮುದಿಯಾಗಿತ್ತು. ಅವನನ್ನು ನೋಡಿರಬಹುದಾದದ್ದು ಅದೊಂದೇ ಎಂದು ಅದರ ಬುಡದಲ್ಲಿ ಐದು ನಿಮಿಷ ನಿಂತು ಬಂದೆ.

ಯೂಸುಫ್ ಚಾಚಾರ ಅಂಗಡಿ ಒಂದು ಬಾಗಿಲಿನಷ್ಟು ಅಗಲ. ಹೊರಗೆ ಒಂದು ಮರದ ಬೆಂಚು. ಒಳಗೆ ಶಾಲೆಯ ಬಹುಮಾನದ ಕಪ್ಪುಗಳು, ಹೆಸರು ಹಾಕಲು ಬಂದ ಸ್ಟೀಲಿನ ಪಾತ್ರೆಗಳು, ಹಿತ್ತಾಳೆಯ ಮೊಹರುಗಳು. ವಯಸ್ಸು ಎಂಬತ್ತರ ಹತ್ತಿರ, ಬಿಳಿ ಟೊಪ್ಪಿಗೆ, ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು. ರೂಪಾಯಿಯನ್ನು ಕೊರಳಿನಿಂದ ತೆಗೆದು ಅವರ ಮೇಜಿನ ಮೇಲಿಟ್ಟು, ನನ್ನ ಧಾರವಾಡದ ಕಡೆಯ ಹಿಂದಿಯಲ್ಲಿ ದೂರು ಹೇಳಿದೆ. ಕುಣಿಕೆ ತಲೆಕೆಳಗೆ, ಅಕ್ಷರ ಉಲ್ಟಾ, ಅರವತ್ತು ವರ್ಷ ಓದಲಾಗಲಿಲ್ಲ, ಹೀಗೂ ಕೆಲಸ ಮಾಡುವುದುಂಟೇ. ಅವರು ಪೂರ್ತಿ ಕೇಳಿಸಿಕೊಂಡರು. ಕುಣಿಕೆಯ ಮೇಲೆ ಹೆಬ್ಬೆರಳು ಆಡಿಸಿ, "ಅಬ್ಬಾನದೇ ಕೈ, ನಮ್ಮ ತಂದೆಯದು" ಎಂದರು.

ಆಮೇಲೆ ಸಣ್ಣ ಎಣ್ಣೆದೀಪ ಹಚ್ಚಿದರು. ರೂಪಾಯಿಯ ನುಣುಪು ಮಗ್ಗುಲನ್ನು ಜ್ವಾಲೆಯ ಮೇಲೆ ಹಿಡಿದು ಮಸಿ ಕೂರಿಸಿದರು. ಒಂದು ಚೂರು ಬಿಳಿ ಕಾಗದವನ್ನು ನಾಲಿಗೆಯಿಂದ ತೇವ ಮಾಡಿ ಮೇಜಿನ ಮೇಲಿಟ್ಟರು. ರೂಪಾಯಿ ತಣಿದ ಮೇಲೆ ನನಗೇ ತಿರುಗಿ ಕೊಟ್ಟು, "ಬಹನ್‌ಜಿ, ಮತ್ತೆ ಕೊರಳಿಗೆ ಹಾಕಿಕೊಳ್ಳಿ. ಈಗ ತೆಗೆಯದೆ, ಹಾಗೇ ಬಾಗಿ, ಈ ಕಾಗದದ ಮೇಲೆ ಒತ್ತಿ" ಎಂದರು.

ಬಾಗಿದೆ. ಉದ್ದನೆಯ ದಾರ ಮೇಜಿನವರೆಗೆ ಸಲೀಸಾಗಿ ಬಂತು. ದಾರ ನನ್ನ ಕಡೆ ಇದ್ದದ್ದರಿಂದ ಕುಣಿಕೆ ನನ್ನ ಕಡೆಗೆ ಬಂತು, ಕಾಗದದ ಮೇಲೆ ಮಲಗಿದ ರೂಪಾಯಿಯಲ್ಲಿ ದೊರೆ ಮೊದಲ ಸಲ ತಲೆ ಮೇಲೆ ಮಾಡಿ ನೆಟ್ಟಗೆ ನಿಂತ. ಒತ್ತಿ ಎತ್ತಿದೆ. ಕಪ್ಪು ದುಂಡನೆಯ ಮಚ್ಚೆಯೊಳಗೆ ಬಿಳಿಯ ಗೆರೆಗಳು, ಅಲ್ಲಲ್ಲಿ ಹರಿದವು, ನನಗೆ ಎದುರಾಗಿ, ನೇರವಾಗಿ. ನೀ. ಆಮೇಲೆ ಅರ್ಧ ಅಳಿಸಿದ ಲ. ಕೊನೆಗೆ ವ್ವ. ನೀಲವ್ವ. ನನ್ನ ಅವ್ವನ ಹೆಸರು.

"ಇದು ಗಲತಿ ಅಲ್ಲ" ಎಂದರು ಚಾಚಾ. "ಇದು ಮೊಹರು. ಓದು ಬಾರದ ಹೆಂಡತಿಯರಿಗೆ ಅಂತ ಸಿಪಾಯಿಗಳು ಮಾಡಿಸುತ್ತಿದ್ದರು, ಹೆಬ್ಬೆಟ್ಟಿನ ಬದಲು ಒತ್ತಲಿ ಅಂತ. ಬಿಚ್ಚಿಟ್ಟರೆ ಕಳೆಯುತ್ತದೆ. ಅದಕ್ಕೇ ಕೊರಳಿಂದ ತೆಗೆಯದೆ ಒತ್ತುವ ಹಾಗೆ ಕುಣಿಕೆ ಕೆಳಗೆ, ದಾರ ಉದ್ದ. ಅಬ್ಬಾನಿಗೆ ನಿಮ್ಮ ಲಿಪಿ ಬರುತ್ತಿರಲಿಲ್ಲ. ಸಿಪಾಯಿ ಕಾಗದದ ಮೇಲೆ ಬರೆದುಕೊಡುತ್ತಿದ್ದ, ಅಬ್ಬಾ ಅದನ್ನು ದೀಪದ ಗಾಜಿಗೆ ಹಿಂದುಮುಂದಾಗಿ ಹಿಡಿದು ಗೆರೆ ತೆಗೆಯುತ್ತಿದ್ದರು. ಒಂದು ಗೆರೆಯೂ ತಪ್ಪಬಾರದು ಅಂತ ಸಿಪಾಯಿ ಮುಗಿಯುವವರೆಗೂ ಆ ಬೆಂಚಿನ ಮೇಲೆ ಕೂತಿರುತ್ತಿದ್ದ."

ನನ್ನ ಅಪ್ಪನ ನೆನಪಿದೆಯೇ ಎಂದು ಕೇಳಿದೆ. ಊರು, ಎತ್ತರ, ಅವ್ವ ಹೇಳಿದ ಗಲ್ಲದ ಮೇಲಿನ ಮಚ್ಚೆ, ಎಲ್ಲ ಹೇಳಿದೆ. ಅವರು ತಲೆಯಾಡಿಸಿದರು. "ಸುಳ್ಳು ಹೇಳಲಾರೆ ಬಹನ್‌ಜಿ. ಎಷ್ಟೋ ಜನ ಬಂದರು. ನಾನು ಆಗ ಹದಿನೆಂಟು ವರ್ಷದವನು, ಅರ ಹಾಕಿ ಉಜ್ಜುವುದಷ್ಟೇ ನನ್ನ ಕೆಲಸ. ಇದರ ಬೆನ್ನು ಉಜ್ಜಿದವನು ನಾನೇ ಇದ್ದೇನು." ಹೊರಗೆ ಹೋಗಿ ಆ ಬೆಂಚಿನ ಮೇಲೆ ಕೂತೆ. ಬೇವಿನ ಮರದಡಿ ಬಾರದ ಅಳು ಅಲ್ಲಿ ಬಂತು. ಅಪ್ಪ ಸತ್ತ ಮೇಲೆ ಬಂದ ಪಿಂಚಣಿಗೆ, ಮನೆಯ ಕಾಗದಕ್ಕೆ, ನನ್ನ ಶಾಲೆಯ ಅರ್ಜಿಗೆ ಅವ್ವ ಹೆಬ್ಬೆಟ್ಟು ಒತ್ತುತ್ತಲೇ ಬಂದಳು. ಹೋದ ತಿಂಗಳು ಬ್ಯಾಂಕಿನ ಯಂತ್ರಕ್ಕೆ ಅವಳ ಬೆರಳಿನ ಗೆರೆ ಸಿಗಲಿಲ್ಲ, ದುಡಿದು ದುಡಿದು ಅದೂ ಸವೆದಿತ್ತು. ಅಷ್ಟು ವರ್ಷವೂ ಅವಳ ಹೆಸರು ಅವಳ ಕೊರಳಲ್ಲೇ ಇತ್ತು, ನಾವು ಅದನ್ನು ತಿಕ್ಕುತ್ತಿದ್ದೆವು.

ಸುಜಾತಾ ಪಕ್ಕದಲ್ಲಿ ಬಂದು ಕೂತಳು. ಮೆಲ್ಲಗೆ ಅಂದಳು: "ಮಾವಶಿ, ಒಂದು ಮಾತ ಹೇಳ್ಲಿ? ಆಯಿ ಅರವತ್ತು ವರ್ಷ ಏನೇನೋ ಅಂದ್ಕೊಂಡಾಳ. ಈಗ ಹೋಗಿ ಬರೇ ನಿನ್ನ ಹೆಸರು ಅಂದ್ರ ಮನಸ್ಸು ಮುರೀತೈತಿ. ಚಾಚಾಗ ಹೇಳಿ ಒಂದು ಚಲೋ ಮಾತು ಬರಸೂಣು. ಮರೀಬ್ಯಾಡ ಅಂತ ಬರಸೂಣು. ಆಯಿಗೆ ಓದಾಕ ಎಲ್ಲಿ ಬರತೈತಿ."

ಇಲ್ಲಿ ಸುಳ್ಳು ಹೇಳುವುದಿಲ್ಲ, ನನಗೂ ಅದು ಸರಿ ಎನಿಸಿತು. ಅವ್ವನಿಗೆ ಎಂಬತ್ತಮೂರು. ಅಪ್ಪನ ಒಂದು ಮಾತಿಗಾಗಿ ಕಾದವಳಿಗೆ ಅಪ್ಪ ಮಾತನ್ನೇ ಬರೆಸಿರಲಿಲ್ಲ ಎಂದು ಯಾವ ಬಾಯಿಂದ ಹೇಳಲಿ. ಅಷ್ಟರಲ್ಲಿ ಮೊಬೈಲು ರಿಂಗಾಯಿತು, ನಮ್ಮ ಮನೆಯವರು ಹಚ್ಚಿಕೊಟ್ಟಿದ್ದರು. ಅವ್ವನೇ ಮಾತಾಡಿದಳು.

"ಸಿಕ್ತೇನ?"

"ಸಿಕ್ತವ್ವ."

"ಏನ್ ಬರದಾರ?"

"ಮನಿಗೆ ಬಂದು ಹೇಳತೇನಿ" ಎಂದೆ. ಅಂದ ಮೇಲೆ ಅದು ಅಪ್ಪನದೇ ಮಾತು ಎಂದು ನನಗೇ ಕೇಳಿಸಿತು. ಆ ಕಡೆಯಿಂದ ಅವ್ವ, "ಆತು. ಲಗೂನ ಬಾ" ಎಂದಳು. ಅವಳ ದನಿಯಲ್ಲಿ ಅಂಥ ಹೆದರಿಕೆಯನ್ನು ನಾನು ಹಿಂದೆ ಕೇಳಿರಲಿಲ್ಲ.

ಫೋನು ಇಟ್ಟು ಒಳಗೆ ಹೋಗಿ, ಇದ್ದ ಅಕ್ಷರವನ್ನೇ, ಇದ್ದ ಹಾಗೆಯೇ, ಉಲ್ಟಾ ಆಗಿಯೇ ಮತ್ತೆ ಆಳ ಮಾಡಿಕೊಡಿ ಎಂದು ಚಾಚಾರಿಗೆ ಹೇಳಿದೆ. ಹನ್ನೊಂದು ಗಂಟೆಯ ಮೇಲೆ ಬಾಗಿಲಿನ ಬಿಸಿಲು ಸರಿಯುತ್ತದೆ, ನಾಳೆ ಬೇಗ ಬನ್ನಿ ಎಂದರು. ರಾತ್ರಿ ಸುಜಾತಾಳ ಮನೆಯಲ್ಲಿ ನೀಲವ್ವ ಎಂದು ದೊಡ್ಡದಾಗಿ ಬರೆದು ಚಾಚಾರಿಗಾಗಿ ಒಂದು ಕಾಗದ ತಯಾರು ಮಾಡಿದೆ. ನಾಲ್ಕು ಕಾಗದ ಹರಿದು ಹಾಕಿದೆ. ಅಪ್ಪ ಎಷ್ಟು ಹರಿದಿದ್ದನೋ.

ನಾಲ್ಕನೆಯ ದಿನ ಎಂಟೂವರೆಗೆ ಅಂಗಡಿಯಲ್ಲಿದ್ದೆ. ಸುಜಾತಾ ಕೆಲಸಕ್ಕೆ ಹೋಗಿದ್ದಳು. ಚಾಚಾ ಮರದ ದಿಮ್ಮಿಯ ಮೇಲೆ ಅರಗು ಕರಗಿಸಿ, ದೊರೆಯ ಮುಖ ಕೆಳಗೆ ಮಾಡಿ ರೂಪಾಯಿಯನ್ನು ಅದರಲ್ಲಿ ಕೂರಿಸಿದರು. ನನ್ನ ಕಾಗದವನ್ನು ಒಂದು ಸಲ ನೋಡಿ ಬದಿಗಿಟ್ಟರು. "ಬೇಕಾಗಿಲ್ಲ. ಹಳೆಯ ಗೆರೆಯಲ್ಲೇ ಹೋಗುತ್ತೇನೆ. ಇದು ನಿಮ್ಮ ತಂದೆಯ ಅಕ್ಷರ, ನಿಮ್ಮದು ಬೇರೆ" ಎಂದರು. ಹೌದು, ನಿನ್ನೆಯ ಮಸಿಯ ಕಾಗದದಲ್ಲಿ ನೀ ಅಕ್ಷರದ ಬಾಲ ಸ್ವಲ್ಪ ಉದ್ದ, ವಾಲಿಕೊಂಡಿದೆ. ನನ್ನ ವಿದ್ಯಾರ್ಥಿಯಾಗಿದ್ದರೆ ತಿದ್ದಿಸುತ್ತಿದ್ದೆ. ಉಳಿಯ ಮೊನೆ ಬೆಳ್ಳಿಯನ್ನು ಕೂದಲಿನಷ್ಟು ತೆಳ್ಳಗೆ ಎಬ್ಬಿಸುತ್ತ ಆ ಬಾಲದ ಮೇಲೆ ಹಾಗೇ ವಾಲಿಕೊಂಡು ಹೋಯಿತು. ನಾನು ಮುಗಿಯುವವರೆಗೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಹತ್ತೂವರೆಗೆ ಮುಗಿಯಿತು. ಮುನ್ನೂರು ರೂಪಾಯಿ ಕೇಳಿದರು, ಕೊಟ್ಟೆ. "ಇನ್ನು ಹುಣಸೆಹಣ್ಣು ಹಚ್ಚಬೇಡಿ" ಎಂದರು.

ತಿರುಗಿ ಬರುವ ಗಾಡಿಗೆ ಕಾಮಠಿಯಲ್ಲೇ ಹತ್ತಿದೆ. ದಾರಿಯಲ್ಲಿ ನಾಲ್ಕು ತಾಸು ತಡವಾಯಿತು. ಯಾವ ಸ್ಟೇಷನ್ನಿನಲ್ಲಿ ಗಾಡಿ ನಿಂತರೂ ನನಗೆ ಒಂದೇ ಭಯ. ಲಗೂನ ಬಾ ಎಂದವಳು ಕಾಯುತ್ತಿರಲಿ ದೇವರೇ, ಎರಡನೆಯ ಸಲವೂ ಹೇಳದೆ ಉಳಿಯುವುದು ಬೇಡ. ಊಟ ಸೇರಲಿಲ್ಲ. ಮಿರಜದಲ್ಲಿ ಸಿಕ್ಕ ಗಾಡಿ ಹಿಡಿದು, ಬೆಳಗಾವಿಯಿಂದ ನಿಂತುಕೊಂಡೇ ಬಸ್ಸಿನಲ್ಲಿ ಬಂದು, ಮರುದಿನ ಇಳಿಹೊತ್ತಿಗೆ ಬೈಲಹೊಂಗಲ ಮುಟ್ಟಿದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದಳು.

ಒಳಗೆ ಕರೆದುಕೊಂಡು ಹೋಗಿ ದಾರವನ್ನು ಅವಳ ಕೊರಳಿಗೆ ಹಾಕಿದೆ. ಮೇಜಿನ ಮೇಲೆ ಬಿಳಿ ಕಾಗದ, ಶಾಯಿಯ ಪ್ಯಾಡು ಇಟ್ಟೆ. ಪ್ಯಾಡು ಕಂಡದ್ದೇ ಅವ್ವ ಎಡಗೈ ಹೆಬ್ಬೆಟ್ಟು ಮುಂದೆ ಮಾಡಿದಳು. "ಅದಲ್ಲವ್ವ" ಎಂದು ಅವಳ ಕೈಗೆ ರೂಪಾಯಿ ಕೊಟ್ಟು, ಬಾಗಿಸಿ, ಪ್ಯಾಡಿಗೆ ಮುಟ್ಟಿಸಿ, ಕಾಗದಕ್ಕೆ ಒತ್ತಿಸಿದೆ. ದೊರೆ ನೆಟ್ಟಗೆ ನಿಂತ. ಎತ್ತಿದಾಗ ಕೆಳಗೆ ಅಪ್ಪನ ವಾಲಿದ ಅಕ್ಷರ ಇತ್ತು.

"ಏನಂತ ಐತಿ?"

"ನೀಲವ್ವ ಅಂತ ಐತಿ. ನಿನ್ನ ಹೆಸರು."

"ಬರೇ ಹೆಸರ?"

"ಬರೇ ಹೆಸರು" ಎಂದೆ. ಮೊಹರಿನ ಸಂಗತಿ, ಕುಣಿಕೆಯ ಸಂಗತಿ, ಬೆಂಚಿನ ಸಂಗತಿ ಎಲ್ಲ ಹೇಳಿದೆ. ಅವಳು ಕೇಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ, ಕಾಗದ ನೋಡುತ್ತಿದ್ದಳು. ಅದರಿಂದ ಕಣ್ಣು ಕೀಳದೆ ಹೇಳಿದಳು: "ಮನಿಯಾರ್ಡರ್ ಬಂದಾಗ ಪೋಸ್ಟಮನ್ ನನ್ನ ಕೈ ಹಿಡದು ಹೆಬ್ಬೆಟ್ಟು ಒತ್ತಸ್ತಿದ್ದ. ಇದನ್ನ ಕೊಡೂ ಹಿಂದಿನ ವರ್ಷ ರಜಾಕ್ಕ ಬಂದಾಗ, ಅವರು ಮುಂಚೇನ ಕಳಿಸಿದ್ದ ಮನಿಯಾರ್ಡರ್ ತಡಾ ಆಗಿ ಬಂತು, ಅವರು ಅದನ್ನ ನೋಡಿದ್ರು. ಏನೂ ಅನಲಿಲ್ಲ. ರಾತ್ರಿ ಸೀಮೆಎಣ್ಣಿ ಹಚ್ಚಿ ನನ್ನ ಬೆರಳ ತೊಳದು ಕೊಟ್ರು. ಆವತ್ತ ತಿಳೀಬೇಕಾಗಿತ್ತು ನನಗ." ಅವಳ ಮುಖದಲ್ಲಿ ನಾನು ಹೆದರಿದ್ದ ನಿರಾಸೆ ಇರಲಿಲ್ಲ. ಹೊಸದಾಗಿ ಮದುವೆಯಾದವಳ ನಾಚಿಕೆಯಂಥದು ಏನೋ ಇತ್ತು, ಅದನ್ನು ನೋಡಬಾರದೆಂದು ನಾನು ಕಿಟಕಿಯ ಕಡೆ ತಿರುಗಿದೆ.

ಎದ್ದು ಹೋಗಿ ತನ್ನ ಪೆಟ್ಟಿಗೆಯಿಂದ ತಗಡಿನ ಡಬ್ಬಿ ತಂದಳು. ಅಪ್ಪನ ಟ್ರಂಕಿನಲ್ಲಿ ಬಂದ ಚೀಟಿಗಳು ಅದರಲ್ಲಿವೆ ಎಂದು ಗೊತ್ತಿತ್ತು, ಬಿಚ್ಚಿ ನೋಡಿರಲಿಲ್ಲ. ಮನಿಯಾರ್ಡರ್ ತಲುಪಿದ್ದಕ್ಕೆ ಪಡೆದವರ ಸಹಿ ಹಾಕಿಸಿ ಕಳಿಸಿದವರಿಗೆ ವಾಪಸು ಹೋಗುತ್ತಿದ್ದ ಸಣ್ಣ ಚೀಟಿಗಳು. ಅಪ್ಪ ಒಂದನ್ನೂ ಎಸೆದಿರಲಿಲ್ಲ, ದಾರ ಕಟ್ಟಿ ಇಟ್ಟುಕೊಂಡಿದ್ದ. ಪ್ರತಿಯೊಂದರ ಮೇಲೂ ಅವ್ವನ ಹೆಬ್ಬೆಟ್ಟು, ಆಗಿನ ಗೆರೆ ಎಣಿಸಬಹುದಾದಷ್ಟು ಸ್ಪಷ್ಟ. ಅಪ್ಪನಿಗೆ ಹೆಂಡತಿಯಿಂದ ಬರುತ್ತಿದ್ದ ಕಾಗದವೆಂದರೆ ಅದೇ.

ಅವ್ವ ಒಂದೊಂದೇ ಚೀಟಿ ಬಿಡಿಸಿ, ಕೊರಳಿನಿಂದ ತೆಗೆಯದೆ ಬಾಗಿ, ಪ್ರತಿ ಹೆಬ್ಬೆಟ್ಟಿನ ಪಕ್ಕದಲ್ಲಿ ತನ್ನ ಹೆಸರು ಒತ್ತಿದಳು. ನಡುವೆ ನಾನು ಸಹಾಯಕ್ಕೆ ಕೈ ಚಾಚಿದರೆ ಸರಿಸಿದಳು. ದೀಪ ಹಚ್ಚುವ ಹೊತ್ತಿಗೆ ಮೇಜು, ಮಂಚ, ಕಿಟಕಿಯ ಕಟ್ಟೆ ಎಲ್ಲ ಕಡೆ ಒಣಗುವ ಚೀಟಿಗಳು. ಹಾರುತ್ತವೆಂದು ಫ್ಯಾನು ಹಾಕಗೊಡಲಿಲ್ಲ. ಕೊನೆಯ ಚೀಟಿಯನ್ನು ನನ್ನ ಮುಂದೆ ತಳ್ಳಿ, "ಇದರಾಗ ಕೆಳಗ ಒಂದಿಷ್ಟು ಜಾಗಾ ಐತಿ. ನೀ ಬರಿ" ಎಂದಳು.

"ಏನಂತ ಬರೀಲಿ?"

ಅವ್ವ ರೂಪಾಯಿಯನ್ನು ಸೆರಗಿನಿಂದ ಒರೆಸಿ ಒಳಗೆ ಸೇರಿಸಿಕೊಂಡಳು.

"ಬಂದು ಮುಟ್ಟೇತಿ ಅಂತ ಬರಿ."